ಕುರಿಯಿಲ್ಲದ ಊರಿನ ಕಂಬಳಿ

ನಮ್ಮ ಕತಗಾಲದಲ್ಲಿ ಕುರಿ ಸಾಕಿದವರನ್ನು ನಾನು ಕಂಡಿಲ್ಲ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ದೇವಿಮನೆ ಘಟ್ಟದ ಬುಡದಲ್ಲಿ ಕುರಿಯ ಗೊರಸು ಕೊಳೆಯುತ್ತದೆ, ಹೊಟ್ಟೆಗೆ ಹುಳ ಬೀಳುತ್ತದೆ. ಆದರೂ ನಮ್ಮ ಮನೆಯ ಅಟ್ಟದಲ್ಲಿ ಒಂದು ಕರಿಕಂಬಳಿ ಇದೆ. ಅಜ್ಜ ಅದನ್ನೇ ಕೊಪ್ಪೆ ಮಾಡಿ ಹೊದ್ದು ಗದ್ದೆಗಿಳಿಯುತ್ತಿದ್ದ. ನೆನೆದರೂ ಮೈ ಬೆಚ್ಚಗಿರುತ್ತಿತ್ತಂತೆ.

ಆ ಉಣ್ಣೆ ಎಲ್ಲಿಯದು? ಘಟ್ಟದಾಚೆಯ ಬಯಲುಸೀಮೆಯದು. ಅಲ್ಲಿ ಕುರುಬರು ಸಾಕಿದ್ದು ದಖ್ಖನಿ ತಳಿ: ಹೆಚ್ಚಾಗಿ ಕಪ್ಪು ಮೈ, ಒರಟು ಉಣ್ಣೆ. ಬಳ್ಳಾರಿ ತಳಿಯದೂ ಅಂಥದೇ ಉಣ್ಣೆ. 500 ಮಿ.ಮೀ. ಆಸುಪಾಸು ಮಳೆಯ ಸೀಮೆಯಲ್ಲಿ ಕೂಳೆ, ಕುರುಚಲು ಮೇಯ್ದು, ಮೈಲುಗಟ್ಟಲೆ ನಡೆದು ಬದುಕುವ ಪ್ರಾಣಿ ಇದು. ಸುಗ್ಗಿಯಾದ ಹೊಲದಲ್ಲಿ ಹಿಂಡು ರಾತ್ರಿ ತಂಗಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಿ, ಹೆಂಗಸರು ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ಚಳ್ಳಕೆರೆ ಇಂದಿಗೂ ಕಂಬಳಿಗೆ ಹೆಸರಾದ ಊರು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಬಂತು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತಿತು. ಆ ಹತ್ತಿಗೆ ಕುಮಟಾದ ಹೆಸರೇ ಅಂಟಿಕೊಂಡಿತು. ಬಂದರಿನ ಈ ವೈಭವವನ್ನು ಇತಿಹಾಸ ಬರೆದಿಟ್ಟಿದೆ. ಘಟ್ಟವಿಳಿದು ಬಂದ ಕಂಬಳಿಯ ಲೆಕ್ಕವನ್ನು ಮಾತ್ರ ನಮ್ಮ ಮನೆಯಲ್ಲೂ ಯಾರೂ ಬರೆದಿಡಲಿಲ್ಲ. ಮಳೆಗಾಲಕ್ಕೆ ಮುಂಚೆ ಹೆಗಲ ಮೇಲೆ ಕಂಬಳಿ ಹೊತ್ತವರು ಬರುತ್ತಿದ್ದರೆಂಬ ಅಜ್ಜನ ಮಾತಷ್ಟೇ ನನಗೆ ಸಿಕ್ಕ ದಾಖಲೆ.

ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು, ರೇನ್‌ಕೋಟ್ ಬಂತು. ಹಗುರ, ಅಗ್ಗ, ಬೇಗ ಒಣಗುತ್ತದೆ. ನಾವು ಬದಲಾಯಿಸಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಒರಟು ಉಣ್ಣೆಗೆ ಬೆಲೆ ಬಿದ್ದಾಗ ಕತ್ತರಿಸುವ ಕೂಲಿಯೂ ಹುಟ್ಟದಾಯಿತು. ಮಾಂಸಕ್ಕೆ ಬೇಡಿಕೆ ಏರಿತು. ಕುರಿಗಾರರು ಉಣ್ಣೆ ಕಡಿಮೆಯಿರುವ, ಬೇಗ ತೂಕ ಬರುವ ಟಗರುಗಳನ್ನು ಹಿಂಡಿಗೆ ಬಿಟ್ಟರು. ಬದುಕಬೇಕಲ್ಲ! ಹೀಗೆ ಬೆರೆಯುತ್ತ ಹೋದಂತೆ ದಖ್ಖನಿಯ ಉಣ್ಣೆ ತೆಳುವಾಗುತ್ತದೆ. ಉಣ್ಣೆ ಹೋದರೆ ನೂಲುವ ಕೈ, ನೇಯುವ ಮಗ್ಗ ಎರಡೂ ಹೋಗುತ್ತವೆ.

ತಳಿಯ ಚರಿತ್ರೆ ಸಾಕಿದವರದು ಮಾತ್ರ ಎಂದುಕೊಂಡಿದ್ದೆ. ಅದು ಹೊದ್ದವರದೂ ಹೌದು. ಕುರಿಯನ್ನೇ ಕಾಣದ ನಮ್ಮೂರಿನ ಗದ್ದೆಯ ಮಳೆಗೂ ಬಯಲಿನ ಆ ಹಿಂಡಿಗೂ ನಂಟಿತ್ತು. ಈ ಸಲ ಆಟಿ ಕಳೆದು ಬಿಸಿಲು ಬಿದ್ದಾಗ ಅಜ್ಜನ ಕಂಬಳಿಯನ್ನು ಅಂಗಳದಲ್ಲಿ ಹರವಿದೆ. ಅಲ್ಲಲ್ಲಿ ನುಸಿ ತಿಂದಿದೆ. ಕೊಡವಿ, ಮಡಚಿ, ಮತ್ತೆ ಅಟ್ಟಕ್ಕೇರಿಸಿದೆ.