ನಾರುಹುಣ್ಣು: ಸಂಶೋಧನೆಯ ಇತಿಹಾಸ

ಡ್ರಾಕಂಕ್ಯುಲಸ್ ಮೆಡಿನೆನ್ಸಿಸ್ ಎಂಬ ಪರೋಪಜೀವಿ ಹುಳುವಿನಿಂದ ಉಂಟಾಗಿ, ಕುಡಿಯುವ ನೀರಿನ ಮೂಲಕ ಹರಡುವ ವ್ಯಾಧಿಯೇ ನಾರುಹುಣ್ಣು. ಸಂಸ್ಕೃತ ವೈದ್ಯಗ್ರಂಥಗಳು ಇದನ್ನು ಸ್ನಾಯುಕವೆಂದು ಕರೆದುವು. ಬಿರಿದ ಬೊಕ್ಕೆಯಿಂದ ಬಿಳಿಯ ಎಳೆಯೊಂದು ಹೊರಬರುವುದನ್ನು ಕಣ್ಣಾರೆ ಕಂಡ ಕನ್ನಡ ಜನರು ಅದಕ್ಕೆ ನಾರೆಂಬ ಹೆಸರನ್ನಿತ್ತರು. ಮಳೆ ಕಡಮೆಯಾದ ಬಯಲುಸೀಮೆಯಲ್ಲಿ, ಅಂದರೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳನ್ನೊಳಗೊಂಡ ಬಳ್ಳಾರಿ ಸೀಮೆಯಲ್ಲಿಯೂ ಅದಕ್ಕೆ ತಗುಲಿಕೊಂಡಿರುವ ಚಿತ್ರದುರ್ಗದ ನೆಲದಲ್ಲಿಯೂ, ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವ ಬಾವಿಗಳೇ ಊರಿನ ಜೀವವಾಗಿದ್ದುವು. ಹುಳುವಿನ ಬಾಳೂ ಆ ಮೆಟ್ಟಿಲುಗಳನ್ನೇ ಆಶ್ರಯಿಸಿತ್ತು.

ಸುಮಾರು ಒಂದು ವರ್ಷ ಮನುಷ್ಯನ ಒಡಲಿನಲ್ಲಿ ಸುಳಿವಿಲ್ಲದೆ ಬೆಳೆದು, ಕೆಲವೊಮ್ಮೆ ಒಂದು ಮೀಟರಿನಷ್ಟು ಉದ್ದವಾಗುವ ಹೆಣ್ಣುಹುಳು, ಕಡೆಗೆ ಬಹುಮಟ್ಟಿಗೆ ಕಾಲಿನ ಚರ್ಮದ ಕೆಳಗೆ ಬಂದು ಬೆಂಕಿಯಂಥ ಉರಿಯನ್ನೆಬ್ಬಿಸುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿ ಅದ್ದಿದೊಡನೆ ಅದು ಲಕ್ಷಾಂತರ ಮರಿಗಳನ್ನು ಹೊರಚೆಲ್ಲುತ್ತದೆ. ಈ ಮರಿಗಳನ್ನು ನುಂಗುವ ಸೈಕ್ಲಾಪ್ಸ್ ಎಂಬ ಚುಕ್ಕಿಯಷ್ಟು ಸಣ್ಣ ಜಲಜೀವಿಯ ಒಡಲಿನಲ್ಲಿ ಅವು ಸುಮಾರು ಎರಡು ವಾರಗಳಲ್ಲಿ ಬಲಿತು, ಅದೇ ನೀರನ್ನು ಕುಡಿದವರ ದೇಹವನ್ನು ಸೇರುತ್ತವೆ. ನೋವನ್ನು ತಣಿಸಿಕೊಳ್ಳುವ ಕ್ರಿಯೆಯೇ ನೆರೆಯವರಿಗೆ ರೋಗವನ್ನೀಯುವ ಕ್ರಿಯೆಯಾದದ್ದು ಅತ್ಯಂತ ಕರುಣಾಜನಕ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಎಳೆಯುವುದರ ಹೊರತು ಬೇರೆ ಉಪಾಯವಿರಲಿಲ್ಲ. ನಡುವೆ ತುಂಡಾದರೆ ಕಾಲು ಬಾತು ಕೀವಾಗಿ, ಬಿತ್ತನೆಯ ಕಾಲದಲ್ಲಿ ರೈತನು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದನು.

ಸೈಕ್ಲಾಪ್ಸ್‌ನ ಪಾತ್ರವನ್ನು ಮೊದಲು ಕಂಡವನು ರಷ್ಯದ ಪ್ರಕೃತಿವಿಜ್ಞಾನಿ ಫೆಡ್ಚೆಂಕೊ. 1870ರ ಸುಮಾರಿಗೆ, ತುರ್ಕಿಸ್ತಾನದಲ್ಲಿ. ಆದರೆ ಈ ಜ್ಞಾನವನ್ನು ಹಳ್ಳಿಯ ಬಾವಿಯ ಕಟ್ಟೆಗೆ ತಂದ ಕಾರ್ಯದಲ್ಲಿ ಮೈಸೂರು ಸಂಸ್ಥಾನದ ವಿ. ಎನ್. ಮೂರ್ತಿಯವರ ಪಾಲು ದೊಡ್ಡದು, ಮತ್ತು ನಮ್ಮಲ್ಲಿ ಅದು ಸ್ಮರಿಸಲ್ಪಡಬೇಕಾದಷ್ಟು ಸ್ಮರಿಸಲ್ಪಟ್ಟಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ರೋಗದ ಹರಡುವಿಕೆಯನ್ನು ಪರಿಶೀಲಿಸಿ, ಪ್ರಯೋಗಗಳನ್ನೂ ನಡೆಸಿ ಬರೆದ ಅವರ ಪ್ರಬಂಧವು 1932ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಪ್ರಕಟವಾಯಿತು. ಅನಂತರ ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಅವರೊಡಗೂಡಿ, ಸೈಕ್ಲಾಪ್ಸ್‌ಗಳಿಗೆ ನಿಸರ್ಗದಲ್ಲಿಯೇ ಸೋಂಕು ತಗುಲಿರುವುದನ್ನು ಅವರು 1936ರಲ್ಲಿ ವರದಿ ಮಾಡಿದರು. ಅದೇ ವರ್ಷ, ಸೈಕ್ಲಾಪ್ಸ್‌ಗಳನ್ನು ತಿನ್ನುವ ಬಾರ್ಬಸ್ ಕುಲದ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ರೋಗದ ಬೇರನ್ನೇ ಕಡಿಯುವ ವಿಧಾನವನ್ನು ಮುಂದಿಟ್ಟರು. ಬಡ ಗ್ರಾಮವೊಂದು ತನ್ನ ಕೈಯಾರೆ ಮಾಡಿಕೊಳ್ಳಬಹುದಾದ ಉಪಾಯವಿದು. ನಾಯಿಗಳಿಗೆ ಈ ಸೋಂಕನ್ನು ತಗುಲಿಸಿಯೂ ಅವರಿಬ್ಬರು ಪರೀಕ್ಷಿಸಿದರು.

ಭಾರತ ಸರ್ಕಾರದ ನಿರ್ಮೂಲನ ಕಾರ್ಯಕ್ರಮವು 1983–84ರಲ್ಲಿ ಆರಂಭವಾದಾಗ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ಪೀಡಿತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೊಳವೆ ಬಾವಿ ಕೊರೆಯುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಟೆಮೆಫಾಸ್ ಔಷಧಿಯಿಂದ ಸೈಕ್ಲಾಪ್ಸ್‌ಗಳನ್ನು ಕೊಲ್ಲುವುದು ಅದರ ಸಾಧನಗಳಾಗಿದ್ದುವು. ಲಸಿಕೆಯಾಗಲಿ, ಹುಳುವನ್ನು ಕೊಲ್ಲುವ ಮದ್ದಾಗಲಿ ಇಲ್ಲದೆಯೇ ಈ ಕೆಲಸ ಸಾಗಿತು. ಭಾರತದ ಕೊನೆಯ ರೋಗಿ ಕಂಡುಬಂದುದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ದೇಶವು ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ದೃಢೀಕರಣ ಪಡೆಯಿತು.

ಆಫ್ರಿಕದಲ್ಲಿ ಕೆಲಸ ಇನ್ನೂ ಮುಗಿದಿಲ್ಲ. ಚಾಡ್ ದೇಶದಲ್ಲಿ 2012ರಿಂದೀಚೆಗೆ ಈ ಹುಳು ನಾಯಿಗಳಲ್ಲಿ ಬಹುಸಂಖ್ಯೆಯಲ್ಲಿ ಕಾಣಿಸಿಕೊಂಡಿದ್ದು, ಮೂರ್ತಿ ಮತ್ತು ಸ್ವೀಟ್ ಅವರು ತಮ್ಮ ಪ್ರಯೋಗಗಳಲ್ಲಿ ಎತ್ತಿಕೊಂಡಿದ್ದ ಪ್ರಶ್ನೆಯು ಅಲ್ಲಿನ ಸಂಶೋಧಕರ ಮುಂದೆ ಮರಳಿ ನಿಂತಿದೆ.