ಲೈಡನ್ ಜಾಡಿಯಿಂದ ಜಂಪ್ ಕೇಬಲ್‌ವರೆಗೆ

ನಮ್ಮ ಹಳ್ಳಿ ಕಡೆ ಬ್ಯಾಟ್ರಿ ಅಂದರೆ ಟಾರ್ಚು. ಕತ್ತಲಲ್ಲಿ ಹೊರಗೆ ಹೊರಟರೆ "ಬ್ಯಾಟ್ರಿ ತಗೊಂಡು ಹೋಗು" ಅಂತಲೇ ಹಿರಿಯರು ಹೇಳೋದು. ಅದರೊಳಗೆ ಹಾಕೋದಕ್ಕೆ ಶೆಲ್ಲು ಅಂತ ಬೇರೆ ಹೆಸರು. ಡಚ್ಚರು ಈ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟು. ಟಿವಿ ರಿಮೋಟಿಗೆ ಹಾಕೋದು 'ಬಾಟರೈ', ಕಾರಿನ ಬಾನೆಟ್ ಕೆಳಗೆ ಇರೋದು 'ಆಕ್ಯು'. ಅಂಗಡಿಗೆ ಹೋಗಿ ಕಾರಿಗೆ ಬಾಟರೈ ಬೇಕು ಅಂದರೆ ಕೀಲಿಯೊಳಗಿನ ಗುಂಡಿ ಸೆಲ್ ತಂದು ಕೊಟ್ಟಾರು. ಆಕ್ಯು ಅನ್ನೋದು ಅಕ್ಯುಮ್ಯುಲೇಟರ್ ಎಂಬುದರ ಮೊಟಕು ರೂಪ, ಅಂದರೆ ಕೂಡಿಟ್ಟುಕೊಳ್ಳುವ ಸಾಧನ. ಈ ಕೂಡಿಡುವ ವಿದ್ಯೆಯ ಕತೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಾವು ದಿನಾ ಓಡಾಡುವ ಈ ನೆಲದಲ್ಲೇ. ಎಷ್ಟೋ ವರ್ಷ ಇಲ್ಲಿದ್ದೂ ನಮ್ಮಲ್ಲಿ ಅನೇಕರಿಗೆ ಅದು ಗೊತ್ತಿಲ್ಲ ಅಂತ ನನಗೆ ಅನ್ನಿಸಿದ್ದರಿಂದ ಈ ಬರಹ.

ಲೈಡನ್ ಊರಿಗೆ ನೀವು ಟ್ಯೂಲಿಪ್ ನೋಡಲು ಹೋಗುವ ದಾರಿಯಲ್ಲಿ ಇಳಿದಿರಬಹುದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪೀಟರ್ ಫಾನ್ ಮುಸ್ಕೆನ್‌ಬ್ರೂಕ್ ಎಂಬ ಪ್ರಾಧ್ಯಾಪಕರಿದ್ದರು. ಗಾಜಿನ ಜಾಡಿಯಲ್ಲಿ ನೀರು ತುಂಬಿ, ತಂತಿಯೊಂದನ್ನು ಒಳಗಿಳಿಸಿ, ತಿರುಗುವ ಗಾಜನ್ನು ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಅದರೊಳಗೆ ಬಿಡುವ ಪ್ರಯೋಗ ಅಲ್ಲಿ ನಡೆಯುತ್ತಿತ್ತು. ಒಂದು ಕೈಯಲ್ಲಿ ಜಾಡಿ ಹಿಡಿದು ಇನ್ನೊಂದು ಕೈಯಿಂದ ತಂತಿ ಮುಟ್ಟಿದಾಗ ಮೈಯೆಲ್ಲ ನಡುಗುವಂಥ ಹೊಡೆತ ಬಿತ್ತು. 1746ರ ಜನವರಿಯಲ್ಲಿ ಪ್ಯಾರಿಸ್ಸಿನ ರೇಯೊಮೂರ್ ಎಂಬ ವಿಜ್ಞಾನಿಗೆ ಅವರು ಇದನ್ನು ಪತ್ರದಲ್ಲಿ ಬರೆದರು. ಇಡೀ ಫ್ರಾನ್ಸ್ ರಾಜ್ಯ ಕೊಟ್ಟರೂ ಇನ್ನೊಮ್ಮೆ ಆ ಕೆಲಸ ಮಾಡಲಾರೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಜರ್ಮನ್ ನಾಡಿನ ಫಾನ್ ಕ್ಲೈಸ್ಟ್ ಎಂಬವರು ಹಿಂದಿನ ವರ್ಷವೇ ಇದೇ ಬಗೆಯದನ್ನು ಕಂಡಿದ್ದರು. ಆದರೆ ಹೆಸರು ನಿಂತದ್ದು ಊರಿನದು: ಲೈಡನ್ ಜಾಡಿ. ಅಲ್ಲಿನ ಬೂರ್ಹಾವೆ ಮ್ಯೂಸಿಯಮ್ಮಿನಲ್ಲಿ ಇಂಥ ಜಾಡಿಗಳನ್ನು ಇಟ್ಟಿದ್ದಾರೆ. ನೋಡಿದರೆ ನಮ್ಮ ಅಡುಗೆಮನೆಯ ಉಪ್ಪಿನಕಾಯಿ ಜಾಡಿಯ ದಾಯಾದಿ ಅನ್ನಬೇಕು.

ಒಂದು ಜಾಡಿ ಸಾಲದೆ ಹೋದಾಗ ಜನ ಅವನ್ನು ಸಾಲಾಗಿ ಜೋಡಿಸತೊಡಗಿದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಜೋಡಣೆಗೆ 'ಬ್ಯಾಟರಿ' ಅಂತ ಹೆಸರಿಟ್ಟರು. ಅಲ್ಲಿಯವರೆಗೆ ಆ ಪದದ ಅರ್ಥ ಸಾಲಾಗಿ ನಿಲ್ಲಿಸಿದ ಫಿರಂಗಿಗಳು. ಅಜ್ಜಿಯ ಕೈಯ ಟಾರ್ಚಿಗೆ ತೋಪಿನ ಹೆಸರು ಬಂದದ್ದು ಹೀಗೆ.

ಹಾರ್ಲೆಮ್‌ನ ಟೈಲರ್ಸ್ ಮ್ಯೂಸಿಯಂ ಇನ್ನೂ ಸೊಗಸಾದ ಜಾಗ. 1784ರಲ್ಲಿ ಮಾರ್ಟಿನಸ್ ಫಾನ್ ಮಾರುಮ್ ಎಂಬವರು ಅಲ್ಲಿಗೆ ಒಂದು ದೈತ್ಯ ವಿದ್ಯುತ್ ಯಂತ್ರ ಮಾಡಿಸಿ ತಂದರು. ಒಂದೂವರೆ ಮೀಟರಿಗಿಂತ ಅಗಲದ ಎರಡು ಗಾಜಿನ ಚಕ್ರಗಳು, ತಿರುಗಿಸಲು ಆಳುಗಳು. ಈಗಲೂ ಅದು ಅಲ್ಲೇ ನಿಂತಿದೆ. ಇಟಲಿಯ ವೋಲ್ಟಾ 1800ರಲ್ಲಿ ಸತು, ಬೆಳ್ಳಿ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇವನ್ನು ಒಂದರ ಮೇಲೊಂದು ದೋಸೆ ಪೇರಿಸಿದ ಹಾಗೆ ಪೇರಿಸಿ, ಉಜ್ಜದೆಯೇ ವಿದ್ಯುತ್ ಪಡೆದ ಸುದ್ದಿ ಬಂತು. ಇದು ಹಳೆಯ ವಿದ್ಯುತ್ತೋ, ಬೇರೆಯದೋ ಅನ್ನುವ ಜಗಳ ಎದ್ದಿತು. ಮರುವರ್ಷ ಫಾನ್ ಮಾರುಮ್ ಮತ್ತು ಜೊತೆಗಾರ ಪ್ಫಾಫ್ ಸೇರಿ, ವೋಲ್ಟಾನ ಮಾದರಿಯ ಪೇರಿಕೆಯಿಂದ ಲೈಡನ್ ಜಾಡಿಗಳ ಸಾಲನ್ನು ತುಂಬಿಸಿ, ಎರಡೂ ಒಂದೇ ಅಂತ ತೋರಿಸಿದರು. ಒಂದು ಬ್ಯಾಟರಿಯಿಂದ ತಂತಿ ಎಳೆದು ಇನ್ನೊಂದು ಖಾಲಿ ಬ್ಯಾಟರಿಗೆ ಜೀವ ಕೊಡೋದು! ಪಾರ್ಕಿಂಗ್ ಜಾಗದಲ್ಲಿ ಕೆಂಪು-ಕಪ್ಪು ಕೇಬಲ್ ಹಿಡಿದು ನಾವು ಮಾಡುವ ಕೆಲಸಕ್ಕೆ ಹಾರ್ಲೆಮ್‌ನಲ್ಲೇ ಒಬ್ಬ ಮೂಲಪುರುಷ ಇದ್ದಾರೆ ಅಂತ ನಾನು ಹೇಳಿಕೊಳ್ಳೋದು ಈ ಕಾರಣಕ್ಕೆ. ಇತಿಹಾಸದ ಮೇಷ್ಟ್ರು ಒಪ್ಪಲಿಕ್ಕಿಲ್ಲ, ಇರಲಿ.

ಆದರೆ ವೋಲ್ಟಾನದು ಮುಗಿದರೆ ಮುಗೀತು, ನಮ್ಮ ಶೆಲ್ಲಿನ ಹಾಗೆ. 1835ರಲ್ಲಿ ಖ್ರೋನಿಂಗನ್‌ನ ಪ್ರೊಫೆಸರ್ ಸಿಬ್ರಾಂಡಸ್ ಸ್ಟ್ರಾಟಿಂಗ್ ತಮ್ಮ ಸಹಾಯಕ ಬೆಕರ್ ಜೊತೆ ಸೇರಿ ಮೇಜಿನ ಮೇಲೆ ಓಡುವಷ್ಟು ಪುಟ್ಟ ವಿದ್ಯುತ್ ಗಾಡಿ ಕಟ್ಟಿದರು. ಅದರ ಬೆನ್ನ ಮೇಲಿದ್ದದ್ದೂ ಮರಳಿ ತುಂಬಲಾಗದ ಕೋಶವೇ. ಖಾಲಿಯಾದದ್ದನ್ನು ಮತ್ತೆ ತುಂಬುವ ಉಪಾಯ ಸಿಕ್ಕಿದ್ದು 1859ರಲ್ಲಿ, ಫ್ರಾನ್ಸಿನ ಗ್ಯಾಸ್ತಾನ್ ಪ್ಲಾಂಟೆಗೆ. ಸೀಸದ ಎರಡು ಹಾಳೆ, ನಡುವೆ ಗಂಧಕಾಮ್ಲ. 1881ರಲ್ಲಿ ಫೋರ್ ಎಂಬಾತ ಸೀಸದ ಆಕ್ಸೈಡನ್ನು ಹಾಳೆಗೆ ಮೆತ್ತಿ ಅದರ ಶಕ್ತಿ ಹೆಚ್ಚಿಸಿದ. ಇವತ್ತು ನಿಮ್ಮ ಕಾರಿನಲ್ಲಿರುವುದು ಅದೇ ಸೀಸ, ಅದೇ ಆಮ್ಲ. ಫೋನು, ಟಿವಿ, ಕ್ಯಾಮೆರಾ ಎಲ್ಲ ಹುಟ್ಟು ಬದಲಿಸಿಕೊಂಡವು. ಇದೊಂದು ಮಾತ್ರ ನೂರಅರವತ್ತು ವರ್ಷದಿಂದ ಹಟ ಬಿಟ್ಟಿಲ್ಲ.

ಮೊದಮೊದಲ ಪೆಟ್ರೋಲ್ ಕಾರಿಗೆ ಸ್ಟಾರ್ಟ್ ಆಗಲು ಬ್ಯಾಟರಿ ಬೇಕಿರಲಿಲ್ಲ, ರಟ್ಟೆ ಬೇಕಿತ್ತು. ಮುಂದೆ ನಿಂತು ಹ್ಯಾಂಡಲ್ ತಿರುಗಿಸೋದು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರೀತಿತ್ತು. ಅದಕ್ಕೇ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೋ ಅಂತ ಡ್ರೈವರುಗಳು ಶಿಷ್ಯರಿಗೆ ಹೇಳಿಕೊಡ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅಂಗಡಿಯ ಗಲ್ಲಾಪೆಟ್ಟಿಗೆ ತೆರೆಯುವ ಪುಟ್ಟ ಮೋಟರಿನ ಮೇಲೆ ಕೆಲಸ ಮಾಡಿದ್ದವರು. ಕೆಲವೇ ಕ್ಷಣ ಭಾರೀ ಜೋರು ತೋರಿಸುವ ಮೋಟರು ಸಾಕು ಅನ್ನುವ ಅದೇ ಲೆಕ್ಕದ ಮೇಲೆ ಅವರು ಮಾಡಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಮ್ಮ ಅಂಬಾಸಿಡರ್ ಕಾರುಗಳಲ್ಲಿ ಸೆಲ್ಫ್ ಇದ್ದರೂ ಹ್ಯಾಂಡಲ್ಲು ಡಿಕ್ಕಿಯಲ್ಲಿ ಇರ್ತಿತ್ತು. ಮಲೆನಾಡಿನ ಡ್ರೈವರುಗಳಂತೂ ರಾತ್ರಿ ಲಾರಿ ನಿಲ್ಲಿಸುವಾಗ ಇಳಿಜಾರು ನೋಡಿಯೇ ನಿಲ್ಲಿಸೋರು, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡಲು. ಆ ವಿದ್ಯೆ ಇಲ್ಲಿ ನಡೆಯಲ್ಲ. ಈ ದೇಶದ ಯುರೋಪಿನ ನೆಲದಲ್ಲಿ ಅತಿ ಎತ್ತರದ ಗುಡ್ಡ ಲಿಂಬರ್ಗ್‌ನ ಫಾಲ್ಸರ್‌ಬರ್ಗ್, ಬರೀ 322 ಮೀಟರು. ಉಳಿದದ್ದೆಲ್ಲ ಚಪಾತಿ ಹಲಗೆ. ಆಟೊಮ್ಯಾಟಿಕ್ ಗೇರಿನ ಗಾಡಿಯನ್ನಂತೂ ಹತ್ತು ಜನ ತಳ್ಳಿದರೂ ಏಳೋದಿಲ್ಲ.

ತಳ್ಳೋರಿಲ್ಲದ ಈ ದೇಶದಲ್ಲಿ ತಳ್ಳಲು ಬಂದದ್ದು ಸೈಕಲ್ಲಿನವರು. ಎಎನ್‌ಡಬ್ಲ್ಯೂಬಿ ಅನ್ನೋದು 1883ರಲ್ಲಿ ಹುಟ್ಟಿದ ಸೈಕಲ್ ಸವಾರರ ಸಂಘ. ಹೆಸರಿನಲ್ಲಿ ಇಂದಿಗೂ ಸೈಕಲ್ಲೇ ಇದೆ. ಯುದ್ಧ ಮುಗಿದ ಮರುವರ್ಷ, 1946ರ ಏಪ್ರಿಲ್ 15ರಂದು, ಅದರ ವೇಖನ್‌ವಾಖ್ಟ್, ಅಂದರೆ ರಸ್ತೆ ಕಾವಲು ಪಡೆ, ಏಳು ಜನರೊಂದಿಗೆ ಸೈಡ್‌ಕಾರ್ ಕಟ್ಟಿದ ಮೋಟರ್‌ಸೈಕಲ್ ಮೇಲೆ ಹೊರಟಿತು. ಯುದ್ಧದಲ್ಲಿ ಸವೆದು ಉಳಿದ ಮುದಿ ಗಾಡಿಗಳ ಕಾಲ ಅದು. 1960ರಿಂದ ಹೆದ್ದಾರಿ ಪಕ್ಕದಲ್ಲಿ 'ಪ್ರಾಟ್‌ಪಾಲ್' ಎಂಬ ಹಳದಿ ಮಾತಾಡುವ ಕಂಬಗಳು ಬಂದವು. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ 2017ರಲ್ಲಿ ಅವು ಹೋದವು.

ಇಷ್ಟೆಲ್ಲ ವ್ಯವಸ್ಥೆ ಇರುವಾಗ ನಾವೇಕೆ ಕಲಿಯಬೇಕು ಅಂತ ನನ್ನನ್ನೇ ಕೆಲವರು ಕೇಳಿದ್ದಾರೆ. 2021ರ ಫೆಬ್ರುವರಿ ನೆನಪಿರಬೇಕಲ್ಲ. 7ನೇ ತಾರೀಕು ಭಾನುವಾರ ದೇಶಕ್ಕೆಲ್ಲ ಕೋಡ್ ರೆಡ್, ಎನ್‌ಎಸ್ ರೈಲು ಪೂರ್ತಿ ಬಂದ್. ಮೇಲೆ ಕೊರೋನಾ ಕರ್ಫ್ಯೂ, ರಾತ್ರಿ 9ರಿಂದ ಬೆಳಗಿನ 4.30ರವರೆಗೆ. ಆ ವಾರ ರಾತ್ರಿ ಮೈನಸ್ 10ರ ಕೆಳಗೂ ಇಳಿದಿತ್ತು. ನಮ್ಮ ಧಾರವಾಡದ ಗೆಳೆಯರ ಹೆಂಡತಿ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡ್ತಾರೆ. ಬೆಳಿಗ್ಗೆ ಐದೂಕಾಲಿಗೆ ಅವರ ಫೋನು:

"ಅಣ್ಣಾರ, ಗಾಡಿ ಟಕ್ ಟಕ್ ಅಂತೈತ್ರೀ, ಚಾಲೂ ಆಗವಲ್ದು. ಈಕಿಗೆ ಏಳಕ್ಕ ಡ್ಯೂಟಿ ಐತಿ."

"ಲೈಟ್ ಹತ್ತುತ್ತಾ?"

"ಮಬ್ಬಕ ಹತ್ತತೈತ್ರೀ."

ವಿಮೆಯ ಜೊತೆ ಬಂದಿದ್ದ ಸಹಾಯವಾಣಿಯವರು ಮೂರು ಗಂಟೆ ಕಾಯಿರಿ ಅಂದಿದ್ದರಂತೆ. ಅಂದು ಊರಿಗೂರೇ ಕರೆ ಮಾಡಿತ್ತು, ಅವರದ್ದೇನೂ ತಪ್ಪಲ್ಲ. ಆದರೆ ಅಲ್ಲಿ ರಾತ್ರಿಪಾಳಿಯ ಒಬ್ಬಾಕೆ ಹದಿನೆಂಟು ಮುದುಕರ ನಡುವೆ ಒಂಟಿ. ಬದಲಿ ಬರೋವರೆಗೂ ಅವಳು ಮನೆಗೆ ಹೋಗುವಂತಿಲ್ಲ.

ಗಾಡಿ ಕೊರೋನಾ ದೆಸೆಯಿಂದ ತಿಂಗಳುಗಟ್ಟಲೆ ಹೆಚ್ಚು ಕಮ್ಮಿ ನಿಂತೇ ಇತ್ತು. ಲೆಕ್ಕ ಹಾಕಿ ನೋಡಿ. ನಿಂತ ಕಾರು ಅಲಾರಮ್ಮು, ಗಡಿಯಾರ, ಬೀಗದ ರಿಸೀವರಿಗೆ ಅಂತ ಸುಮಾರು 50 ಮಿಲಿಆಂಪಿಯರ್ ಕುಡಿದರೆ ದಿನಕ್ಕೆ 1.2 ಆಂಪಿಯರ್-ಅವರ್. ತಿಂಗಳಿಗೆ 36. ಆಕ್ಯು ಇರೋದೇ 60ರದು. ಅದರ ಮೇಲೆ ಚಳಿ: ಮೈನಸ್ 18ರ ಹೊತ್ತಿಗೆ ಅದರ ಕಸುವು ಸುಮಾರು ಅರ್ಧಕ್ಕೆ ಇಳೀತದೆ, ಎಣ್ಣೆ ಗಟ್ಟಿಯಾಗಿ ಎಂಜಿನ್ ತಿರುಗಿಸಲು ಬೇಕಾದ ಬಲ ಮಾತ್ರ ಏರ್ತದೆ. ಪೂರ್ತಿ ತುಂಬಿದ ಆಕ್ಯು ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟೋದಿಲ್ಲ. ಖಾಲಿಯಾದರೆ ಒಳಗೆ ಉಳಿಯೋದು ಹೆಚ್ಚುಕಮ್ಮಿ ನೀರು, ಮೈನಸ್ 10ರ ಆಸುಪಾಸಿಗೇ ಹೆಪ್ಪಾಗಬಹುದು. ಅಂಥದ್ದಕ್ಕೆ ಕೇಬಲ್ ಹಾಕಲೇಬಾರದು, ಒಡೆಯಬಹುದು. ಹಾಗಾಗಿ ಮೊದಲು ಟಾರ್ಚ್ ಬಿಟ್ಟು ನೋಡಿದೆವು. ಡಬ್ಬಿ ಉಬ್ಬಿರಲಿಲ್ಲ, ಬಿರುಕಿರಲಿಲ್ಲ.

ಕ್ರಮ ಇಷ್ಟೇ. ಎರಡೂ ಗಾಡಿ ಒಂದಕ್ಕೊಂದು ತಾಗಬಾರದು, ಎರಡೂ ಆಫ್, ಎರಡೂ 12 ವೋಲ್ಟಿನವು. ಕೆಂಪು ಕೇಬಲ್ಲಿನ ಒಂದು ತುದಿ ಸತ್ತದ್ದರ ಪ್ಲಸ್ಸಿಗೆ, ಇನ್ನೊಂದು ಬದುಕಿದ್ದರ ಪ್ಲಸ್ಸಿಗೆ. ಕಪ್ಪಿನದು ಬದುಕಿದ್ದರ ಮೈನಸ್ಸಿಗೆ. ಕೊನೆಯ ಕಪ್ಪು ತುದಿಯನ್ನು ಸತ್ತ ಆಕ್ಯುವಿನ ಮೈನಸ್ಸಿಗೆ ಹಾಕಬೇಡಿ. ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ, ಆಕ್ಯುವಿನಿಂದ ದೂರ ಹಾಕಿ. ಯಾಕೆಂದರೆ ಕಿಡಿ ಹಾರೋದು ಕೊನೆಯ ಜೋಡಣೆಯಲ್ಲಿ, ಆಕ್ಯುವಿನ ತಲೆಯ ಮೇಲೆ ಜಲಜನಕ ಇರಬಹುದು. ಬದುಕಿದ್ದನ್ನು ಸ್ಟಾರ್ಟ್ ಮಾಡಿ ನಾಲ್ಕೈದು ನಿಮಿಷ ಬಿಟ್ಟೆವು. ಆಮೇಲೆ ಇದಕ್ಕೆ ಕೀ ಕೊಟ್ಟರು. ಒಮ್ಮೆ ನರಳಿತು. ಎರಡನೇ ಸಲ ಎದ್ದಿತು. ಬಿಚ್ಚುವುದು ಹಾಕಿದ್ದರ ತಿರುಗುಮುರುಗು ಕ್ರಮದಲ್ಲಿ. ನಿಮ್ಮದು ಹೈಬ್ರಿಡ್ ಆದರೆ ಇನ್ನೊಬ್ಬರಿಗೆ ಕರೆಂಟ್ ಕೊಡುವ ಮುನ್ನ ಗಾಡಿಯ ಪುಸ್ತಕ ಓದಿ, ಹಲವು ಕಂಪನಿಗಳು ಬೇಡ ಅನ್ನುತ್ತವೆ. ಆಕೆ ಏಳೂಹತ್ತಕ್ಕೆ ಡ್ಯೂಟಿಗೆ ಮುಟ್ಟಿದರು. ಗಾಡಿ ಸಂಜೆ ಮತ್ತೆ ಟಕ್ ಅಂದಿತು, ಅದು ಬೇರೆ ಮಾತು. ಏಳು ವರ್ಷದ ಆಕ್ಯು, ಆಯುಸ್ಸು ಮುಗಿದಿತ್ತು.

ಆ ಶನಿವಾರ ಹೊಸದು ಹಾಕಿದೆವು. ಸ್ಪ್ಯಾನರು 10 ಎಂಎಂನದು, ಕೆಳಗಿನ ಹಿಡಿಕೆಗೆ 13. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಮೈಯೆಲ್ಲ ಮೈನಸ್ಸೇ ಆದ್ದರಿಂದ, ಮೈನಸ್ ಬಿಚ್ಚದೆ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿದಾಗ ಅದರ ಬಾಲ ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಕೈಯಲ್ಲೇ ಹರೀತದೆ, ಸ್ಪ್ಯಾನರ್ ಕೆಂಪಗಾಗ್ತದೆ. ಕೈಯ ಉಂಗುರ, ಬಳೆ ತೆಗೆದಿಡಿ. ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಹೊರಡುವ ಗಾಡಿಗಳಿಗೆ ಎಜಿಎಂ ಅಥವಾ ಇಎಫ್‌ಬಿ ಜಾತಿಯದೇ ಬೇಕು, ಅಗ್ಗದ ಮಾಮೂಲಿಯದು ಬೇಗ ಸಾಯ್ತದೆ. ಕೆಲವು ಕಾರುಗಳಲ್ಲಿ ಹೊಸ ಆಕ್ಯು ಬಂದದ್ದನ್ನು ಕಂಪ್ಯೂಟರಿಗೆ ತಿಳಿಸಲೂ ಬೇಕಾಗ್ತದೆ. ಅಂಥ ಕಾರಿದ್ದವರು ಗ್ಯಾರೇಜಿಗೆ ದುಡ್ಡು ಕೊಡೋದೇ ಸರಿ. ಹಳೆಯದನ್ನು ಕಸಕ್ಕೆ ಎಸೆಯುವಂತಿಲ್ಲ. ಮಾರಿದ ಅಂಗಡಿಗೋ ನಗರಸಭೆಯ ಮಿಲಿಯುಸ್ಟ್ರಾಟ್‌ಗೋ ಕೊಡಿ, ಅದರ ಸೀಸವನ್ನು ಕರಗಿಸಿ ಮತ್ತೆ ಆಕ್ಯುವೇ ಮಾಡ್ತಾರೆ.

ಮೊನ್ನೆ ಹೊಸ ಎಲೆಕ್ಟ್ರಿಕ್ ಕಾರು ಕೊಂಡ ಬಳಗದ ತಮ್ಮ ಒಬ್ಬ "ಅಣ್ಣ, ಇನ್ನು ನನಗೆ ನಿಮ್ಮ ಕೇಬಲ್ ಬೇಕಿಲ್ಲ" ಅಂದ. ಬಾನೆಟ್ ತೆಗೆಸಿ ತೋರಿಸಿದೆ. ಒಂದು ಮೂಲೆಯಲ್ಲಿ ಇತ್ತು, 12 ವೋಲ್ಟಿನ ಪುಟ್ಟ ಸೀಸದ ಡಬ್ಬಿ. ಬಾಗಿಲು ತೆಗೆಯೋದು, ಕಂಪ್ಯೂಟರ್ ಎಬ್ಬಿಸೋದು, ಕೆಳಗಿನ ದೊಡ್ಡ ಬ್ಯಾಟರಿಯ ಸ್ವಿಚ್ಚು ಹಾಕೋದು ಎಲ್ಲ ಅದರದ್ದೇ ಕೆಲಸ. ಅದು ಸತ್ತರೆ ನೆಲದಡಿ 60 ಕಿಲೋವಾಟ್-ಅವರ್ ತುಂಬಿಕೊಂಡೇ ಗಾಡಿ ಮಲಗಿರ್ತದೆ.