ಸಾಲಿನಲ್ಲಿ ಮೊದಲು ನಡೆಯುವವರು

ಆಫ್ರಿಕದ ಕಾಡಿನಲ್ಲಿ ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವ ಪದ್ಧತಿ ಅಷ್ಟೇನೂ ಹಳೆಯದಲ್ಲ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನ 1926ರಲ್ಲಿ ಘೋಷಣೆಯಾಯಿತು. ಮರುವರ್ಷ ಬಂದ ಮೊದಲ ಪ್ರವಾಸಿಗರು ಬಂದದ್ದೇ ಕಾರಿನಲ್ಲಿ. ಇಳಿದು ನಡೆಯುವ ‘ಟ್ರೇಲ್’ ಅಲ್ಲಿ ಶುರುವಾದದ್ದು 1978ರಲ್ಲಿ. ಅದಕ್ಕೆ ರೇಂಜರ್ ಹ್ಯಾರಿ ವುಲ್ಹೂಟರ್ ಅವರ ಹೆಸರಿಟ್ಟರು. 1903ರಲ್ಲಿ ತನ್ನನ್ನು ಕಚ್ಚಿ ಎಳೆದೊಯ್ಯುತ್ತಿದ್ದ ಸಿಂಹವನ್ನು ಸೊಂಟದ ಚಾಕುವಿನಿಂದಲೇ ಇರಿದು ಕೊಂದವರು ಅವರು. ಕಥೆ ದೊಡ್ಡದೇ, ಆದರೂ ಕಾಡಿನಲ್ಲಿ ನಡೆಯುವ ಚರಿತ್ರೆಯನ್ನು ನಾನು ಅಲ್ಲಿಂದ ಆರಂಭಿಸಲಾರೆ.

ನನ್ನ ಮಟ್ಟಿಗೆ ಅದು ಆರಂಭವಾಗುವುದು 1959ರಲ್ಲಿ, ಜುಲು ನಾಡಿನ ಉಂಫೊಲೋಜಿ ಕಾಡಿನಲ್ಲಿ. ಇಯಾನ್ ಪ್ಲೇಯರ್ ಎಂಬ ಬಿಳಿಯ ಅರಣ್ಯಾಧಿಕಾರಿ ಅಲ್ಲಿ ಪ್ರವಾಸಿಗರನ್ನು ನಡೆಸಲು ತೊಡಗಿದಾಗ ಜೊತೆಗಿದ್ದವರು ಜುಲು ಅರಣ್ಯರಕ್ಷಕ ಮಗ್‌ಕುಬು ನ್‌ಟೊಂಬೆಲಾ. ಹುದ್ದೆಯಲ್ಲಿ ಪ್ಲೇಯರ್ ಮೇಲಿನವರು, ಕಾಡಿನಲ್ಲಿ ಮಗ್‌ಕುಬು. ಓದು ಬರಹ ಬಾರದ ಆ ಹಿರಿಯನೇ ತನ್ನ ಗುರು ಎಂದು ಪ್ಲೇಯರ್ ಬದುಕಿಡೀ ಹೇಳಿದರು, ಅವರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇತ್ತ ಜಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ನಾರ್ಮನ್ ಕಾರ್ ಎಂಬವರು 1950ರಲ್ಲೇ ಅಲ್ಲಿನ ನ್ಸೆಫು ದೊರೆಯನ್ನು ಒಪ್ಪಿಸಿ, ಜನರ ನೆಲದ ಒಂದು ಭಾಗವನ್ನು ಮೃಗಗಳಿಗೆ ಬಿಡಿಸಿ, ಪ್ರವಾಸಿಗರು ಕೊಡುವ ಹಣ ಆ ಜನರಿಗೇ ಸಲ್ಲುವಂತೆ ಮಾಡಿದ್ದರು. ಕಾಲ್ನಡಿಗೆಯ ಸಫಾರಿ ಬೆಳೆದದ್ದು ಆ ಕಣಿವೆಯಲ್ಲಿ.

ನಾನು ನಡೆದದ್ದು ಕ್ರೂಗರ್‌ನ ಉತ್ತರ ತುದಿಯ ಪಫೂರಿಯಲ್ಲಿ. ಲಿಂಪೊಪೊ, ಲುವುವು ನದಿಗಳ ನಡುವಿನ, ಹಳದಿ ತೊಗಟೆಯ ಜಾಲಿ ಮರಗಳ ಕಾಡು ಅದು. ಒಬ್ಬರ ಹಿಂದೆ ಒಬ್ಬರು, ಮಾತಿಲ್ಲ, ಏನು ಬಂದರೂ ಓಡಕೂಡದು. ಮುಂದಿದ್ದ ಹುಡುಗ ಆಗಾಗ ಸಣ್ಣ ಬಟ್ಟೆಚೀಲ ಕೊಡವಿ, ಹಾರುವ ಬೂದಿಯಿಂದ ಗಾಳಿಯ ದಿಕ್ಕು ನೋಡುತ್ತಿದ್ದ. ಒಂದೆಡೆ ಕೂತು ಆನೆ ಲದ್ದಿ ಬಿಡಿಸಿ, ಒಳಗೆ ಬೆರಳಿಟ್ಟು ಬಿಸಿ ನೋಡಿದ. ಕೈಯೆತ್ತಿ ನಮ್ಮನ್ನು ಎಡಕ್ಕೆ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಬಲಗಡೆ ಕೊಂಬೆ ಮುರಿದ ಸದ್ದು ಕೇಳಿತು.

ಅವನು ಮಕುಲೆಕೆ ಸಮುದಾಯದವನು. 1969ರಲ್ಲಿ ವರ್ಣಭೇದದ ಸರ್ಕಾರ ಅವನ ಹಿರಿಯರನ್ನು ಇದೇ ನೆಲದಿಂದ ಬಂದೂಕು ತೋರಿಸಿ ಎಬ್ಬಿಸಿತ್ತು. ತಮ್ಮ ಗುಡಿಸಲಿಗೆ ತಾವೇ ಬೆಂಕಿ ಇಡಬೇಕಾಯಿತು. ಸರ್ಕಾರ ಬದಲಾದ ಮೇಲೆ ಅವರು ಭೂಮಿಗೆ ದಾವೆ ಹೂಡಿದರು, 1998ರಲ್ಲಿ ಅದು ಕೈಗೆ ಬಂತು. ಮುಂದೆ ಅವರು ಮಾಡಿದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಅಲ್ಲಿ ಉಳುಮೆಗೆ ಇಳಿಯಲಿಲ್ಲ. ಒಡೆತನ ತಮ್ಮದು, ಮೃಗಗಳು ಅಲ್ಲೇ ಇರಲಿ ಎಂದು ಉದ್ಯಾನದೊಡನೆ ಒಪ್ಪಂದ ಬರೆದರು. ವಸತಿಗೃಹಗಳ ಗುತ್ತಿಗೆಯ ಹಣ ಸಮುದಾಯಕ್ಕೆ ಬರುತ್ತದೆ. ಮಕ್ಕಳಲ್ಲಿ ಕೆಲವರು ಗೈಡುಗಳಾದರು.

ಹೀಗೆ ಹಿಂದಿರುಗುವ ಭಾಗ್ಯ ಎಲ್ಲರದಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಅಲ್ಫರೆಟಾದಲ್ಲಿ ಸಂಜೆ ನಾನು ತಿರುಗಾಡುವ ಬಿಗ್ ಕ್ರೀಕ್ ಹಾದಿಯಲ್ಲಿ ಜಿಂಕೆಗಳು ಧಾರಾಳ. ಚಟ್ಟಹೂಚಿ ನದಿಯ ಉತ್ತರದ ಈ ನೆಲ ಚೆರೋಕಿ ಮೂಲನಿವಾಸಿಗಳದ್ದಾಗಿತ್ತು. 1832ರಲ್ಲಿ ಜಾರ್ಜಿಯಾ ಅದನ್ನು ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು. 1838ರಲ್ಲಿ ಸೈನಿಕರು ಉಳಿದವರನ್ನು ಪಶ್ಚಿಮಕ್ಕೆ ಅಟ್ಟಿದರು, ದಾರಿಯಲ್ಲಿ ಸಾವಿರಾರು ಜನ ಸತ್ತರು.

ಈಗ ಅಲ್ಲಿ ನೆಲೆಸಿದ್ದರೂ ನನ್ನೂರು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಕಡೆಯದು. ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾಕನಕೋಟೆಯ ಖೆಡ್ಡಾ 1971ರಲ್ಲಿ ಕೊನೆಯ ಬಾರಿ ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಆ ಕಥೆ ಕೇಳುತ್ತಲೇ ಬೆಳೆದೆ. ಮಹಾರಾಜರ, ವೈಸ್‌ರಾಯರ ಫೋಟೋಗಳು ಎಲ್ಲರಿಗೂ ಗೊತ್ತು. ಆನೆಹಿಂಡಿನ ಜಾಡು ಹಿಡಿದು, ಅದರ ದಿನಚರಿ ತಿಳಿದು, ಹೊಳೆಯ ಕಡೆಗೆ ತಿರುಗಿಸುತ್ತಿದ್ದವರು ಜೇನುಕುರುಬರು, ಬೆಟ್ಟಕುರುಬರು. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲೇ ಈ ಜನರ ಬಲ್ಮೆಯನ್ನು ಮೆಚ್ಚಿ ಬರೆದಿದ್ದಾನೆ. ಮೇಷ್ಟ್ರಾಗಿದ್ದ ನಮ್ಮಪ್ಪ ಈ ಕುರುಬರ ಹಾಡಿಯ ಶಾಲೆಗೆ ಹೋಗುವಾಗ ದಾರಿಯಲ್ಲಿ ಆನೆಯಿದ್ದರೆ ಮುಂದೆ ನಡೆಯುತ್ತಿದ್ದವನು ಒಬ್ಬ ಜೇನುಕುರುಬ ಅಜ್ಜ. “ಮೇಷ್ಟ್ರೇ, ನಿಂತ್ಕಳಿ” ಎಂದರೆ ನಿಲ್ಲಬೇಕು, ಅಷ್ಟೇ.

ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗುತ್ತಾ ಬಂದ ಎಪ್ಪತ್ತರ ದಶಕದಿಂದ ಆ ಹಾಡಿಗಳನ್ನು ಒಂದೊಂದಾಗಿ ಎಬ್ಬಿಸಿದರು. ಖೆಡ್ಡಾ ನಡೆದ ಜಾಗ ಕಬಿನಿ ಹಿನ್ನೀರಿನಲ್ಲಿ ಮುಳುಗಿತು. ಆಮೇಲೆ ಪ್ರವಾಸಿಗರು ಕಾಡು ನೋಡತೊಡಗಿದ್ದು ಜೀಪಿನಿಂದ, ಇಲ್ಲವೆ ದೋಣಿಯಿಂದ. ನಡೆಯುವುದನ್ನು ಬಲ್ಲವರು ಕೆಲವರಾದರೂ ವಾಚರ್‌ಗಳಾಗಿ, ಮಾವುತ ಕಾವಾಡಿಗಳಾಗಿ ಉಳಿದಿದ್ದಾರೆ, ಹಲವರು ದಿನಗೂಲಿಗೆ. ಹುಲಿಕಾಡಿನಲ್ಲಿ ಎಲ್ಲರನ್ನೂ ಅಲೆಯಬಿಡಿ ಎಂದು ನಾನು ಹೇಳುತ್ತಿಲ್ಲ. ಆ ವಿದ್ಯೆಗೆ ಒಡೆಯರಾದವರಿಗೆ ನೆಲದ ಹಕ್ಕೂ ಇರಲಿ, ಕಾಡಿನ ಆದಾಯದಲ್ಲಿ ಪಾಲೂ ಇರಲಿ. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿದೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ತಾವಾಗಿಯೇ ಮರಳಿದವು. ಅವರೊಡನೆ ಮಾತಿಗೆ ಕೂರುವ ಅಧಿಕಾರಿಗಳು ಮಕುಲೆಕೆಯವರ 1998ರ ಒಪ್ಪಂದವನ್ನು ತರಿಸಿ ಓದಲಿ ಎಂಬುದು ನನ್ನ ಆಸೆ.